ಎರಡು ದೇಶ, ಒಂದೇ ನದಿ: ನೀರಿನ ಪಾಲು ಮಾಡುವುದೋ, ಲಾಭದ ಪಾಲು ಮಾಡುವುದೋ?

#1 ತುಂಗೆಯ_ತಟ

ಭಾರತ–ಬಾಂಗ್ಲಾದೇಶ ಗಂಗಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1996ರ ಡಿಸೆಂಬರ್ 12ರಂದು. ಅವಧಿ 30 ವರ್ಷ, ಅಂದರೆ 2026ರ ಡಿಸೆಂಬರ್‌ವರೆಗೆ. ಸಿಂಧೂ ಒಪ್ಪಂದವನ್ನು ಭಾರತ 2025ರ ಏಪ್ರಿಲ್‌ನಲ್ಲಿ ಅಮಾನತಿನಲ್ಲಿಟ್ಟಿತು. ಎರಡರ ಚರ್ಚೆಯೂ "ಯಾರಿಗೆ ಎಷ್ಟು ನೀರು" ಅನ್ನುವಲ್ಲಿಗೆ ಬಂದು ನಿಂತುಬಿಡುತ್ತದೆ. ನೀರನ್ನಲ್ಲ, ನೀರಿನಿಂದ ಬರುವ ಲಾಭವನ್ನು ಲೆಕ್ಕ ಹಾಕಿ ಹಂಚಿಕೊಂಡ ದೇಶಗಳೂ ಇವೆ. ಅವು ಲೆಕ್ಕ ಹಾಕಿದ್ದು ಹೇಗೆ, ದುಡ್ಡು ಯಾವ ಬಾಬ್ತಿಗೆ ಕೈ ಬದಲಾಯಿತು, ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ಬಲ್ಲವರು ಬಿಡಿಸಿ ಬರೆಯಬೇಕೆಂದು ಈ ಚರ್ಚೆ ಶುರು ಮಾಡುತ್ತಿದ್ದೇನೆ. ಟಿಎಂಸಿ ಲೆಕ್ಕವನ್ನೂ ಜೊತೆಗೆ ಕೊಡಿ, ನಮ್ಮವರಿಗೆ ಅಂದಾಜು ಸಿಗುತ್ತದೆ. 1 ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್.

#2 ಲೆಕ್ಕದ_ಪುಸ್ತಕ

ಹಾಗಾದರೆ ಲೆಸೋಥೋದಿಂದ ಶುರು ಮಾಡೋಣ. ಲಾಭ ಹಂಚಿಕೆಯ ಸೂತ್ರವನ್ನು ಇಷ್ಟು ಸ್ಪಷ್ಟವಾಗಿ ಒಪ್ಪಂದದಲ್ಲೇ ಬರೆದುಕೊಂಡ ಉದಾಹರಣೆ ಅಪರೂಪ.

ಲೆಸೋಥೋ ಸುತ್ತಲೂ ದಕ್ಷಿಣ ಆಫ್ರಿಕಾದಿಂದ ಆವರಿಸಿಕೊಂಡ ಪುಟ್ಟ ಬೆಟ್ಟದ ದೇಶ. ಆರೆಂಜ್ ನದಿ ಹುಟ್ಟುವುದು ಅಲ್ಲಿ. ಅಲ್ಲಿನವರು ಅದನ್ನು ಸೆಂಕು ಎನ್ನುತ್ತಾರೆ. ನೀರು ಬೇಕಾಗಿದ್ದದ್ದು ಜೋಹಾನ್ಸ್‌ಬರ್ಗ್, ಪ್ರಿಟೋರಿಯಾ ಇರುವ ಗೌಟೆಂಗ್ ಪ್ರದೇಶಕ್ಕೆ. ಲೆಸೋಥೋ ಒಪ್ಪದಿದ್ದರೂ ದಕ್ಷಿಣ ಆಫ್ರಿಕಾಕ್ಕೆ ಇನ್ನೊಂದು ದಾರಿಯಿತ್ತು: ಅದೇ ನೀರು ಕೆಳಗೆ ಹರಿದು ತನ್ನ ನೆಲಕ್ಕೆ ಬಂದ ಮೇಲೆ ತಡೆದು, ಪಂಪ್ ಮಾಡಿ ಗೌಟೆಂಗ್‌ಗೆ ನೀರೊದಗಿಸುವ ವಾಲ್ ನದಿಗೆ ಎತ್ತುವುದು. ಲೆಸೋಥೋದ ಎತ್ತರದಲ್ಲೇ ಅಣೆಕಟ್ಟು ಕಟ್ಟಿ ಸುರಂಗ ಕೊರೆದರೆ ನೀರು ತಾನಾಗಿ ಇಳಿದು ಬರುತ್ತದೆ, ಪಂಪ್ ಬೇಡ.

1986ರ ಅಕ್ಟೋಬರ್ 24ರ ಒಪ್ಪಂದ ಈ ಎರಡು ದಾರಿಗಳ ಖರ್ಚನ್ನು ಅಕ್ಕಪಕ್ಕ ಇಟ್ಟು ನೋಡಿತು. ಪಂಪ್ ದಾರಿಯ ಖರ್ಚಿನಲ್ಲಿ ಸುರಂಗ ದಾರಿಯ ಖರ್ಚು ಕಳೆದರೆ ಉಳಿಯುವುದು ಒಟ್ಟು ಉಳಿತಾಯ. ಅದರಲ್ಲಿ ಶೇ 56 ಲೆಸೋಥೋಗೆ, ಶೇ 44 ದಕ್ಷಿಣ ಆಫ್ರಿಕಾಕ್ಕೆ. ಅರ್ಥವಾಗಲೆಂದು ಒಂದು ಕಾಲ್ಪನಿಕ ಲೆಕ್ಕ: ಪಂಪ್ ದಾರಿಗೆ 100 ರೂಪಾಯಿ, ಸುರಂಗ ದಾರಿಗೆ 60. ಉಳಿತಾಯ 40. ಲೆಸೋಥೋಗೆ ರಾಯಲ್ಟಿಯಾಗಿ ಸಿಗುವುದು 22.40. ದಕ್ಷಿಣ ಆಫ್ರಿಕಾ ಸುರಂಗದ 60 ಮತ್ತು ರಾಯಲ್ಟಿಯ 22.40 ಸೇರಿ 82.40 ಕೊಡುತ್ತದೆ, 100 ಕೊಡುವುದಕ್ಕಿಂತ ಕಡಿಮೆಯೇ.

ರಾಯಲ್ಟಿ ಬರುವುದು ಎರಡು ಭಾಗದಲ್ಲಿ. ಬಂಡವಾಳ ಮತ್ತು ನಿರ್ವಹಣೆಯಲ್ಲಿ ಆದ ಉಳಿತಾಯದ ಪಾಲು ನಿಗದಿತ ಕಂತು. 50 ವರ್ಷಗಳ ಕಾಲ, ಬೆಲೆಯೇರಿಕೆಗೆ ಹೊಂದಿಸಿ ಕೊಡಬೇಕು. ಪಂಪ್ ಮಾಡದೆ ಉಳಿದ ವಿದ್ಯುತ್ತಿನ ಪಾಲು ಮಾತ್ರ ಹರಿದ ನೀರಿನ ಮೇಲೆ, ಘನ ಮೀಟರಿಗೆ ಇಷ್ಟು ಎಂದು. ಈ ಎರಡು ಭಾಗದ ರಚನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

185 ಮೀಟರ್ ಎತ್ತರದ ಕಾಟ್ಸೆ ಅಣೆಕಟ್ಟು, ಆಮೇಲೆ 145 ಮೀಟರಿನ ಮೊಹಾಲೆ. ನೀರು ಗಡಿ ದಾಟಲು ಶುರುವಾದದ್ದು 1998ರಲ್ಲಿ. ಮೊದಲ ಹಂತದ ಪ್ರಮಾಣ ವರ್ಷಕ್ಕೆ 78 ಕೋಟಿ ಘನ ಮೀಟರ್, ಅಂದರೆ ಸುಮಾರು 27.5 ಟಿಎಂಸಿ. ದಾರಿಯಲ್ಲಿ ಮುಯೆಲಾದಲ್ಲಿ 72 ಮೆಗಾವಾಟ್ ವಿದ್ಯುತ್ ಲೆಸೋಥೋಗೆ. ವಿದ್ಯುದಾಗಾರದ ಖರ್ಚು ಲೆಸೋಥೋದ್ದು, ನೀರು ಸಾಗಿಸುವ ಖರ್ಚೆಲ್ಲ ದಕ್ಷಿಣ ಆಫ್ರಿಕಾದ್ದು.

#3 ಎಡದಂಡೆ_ನಾಲೆ

ಎತ್ತುವ ಖರ್ಚು ಎಷ್ಟು ದೊಡ್ಡದು ಅನ್ನುವುದನ್ನು ಸೇರಿಸುತ್ತೇನೆ. ಒಂದು ಘನ ಮೀಟರ್ ನೀರನ್ನು 100 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರವೇ 0.27 ಯೂನಿಟ್ ಬೇಕು. ಪಂಪು, ಮೋಟರು, ಪೈಪಿನ ಘರ್ಷಣೆ ಎಲ್ಲ ಸೇರಿ ಶೇ 75 ದಕ್ಷತೆ ಹಿಡಿದರೆ 0.36 ಯೂನಿಟ್. ವರ್ಷಕ್ಕೆ 27 ಟಿಎಂಸಿಯನ್ನು 100 ಮೀಟರ್ ಎತ್ತಿದರೂ 27–28 ಕೋಟಿ ಯೂನಿಟ್ ಆಗುತ್ತದೆ, ಅದೂ ಪ್ರತಿ ವರ್ಷ. ಎತ್ತರದಲ್ಲಿರುವ ದೇಶದ ಕೈಯಲ್ಲಿ ಇರುವ ನಿಜವಾದ ಸರಕು ಈ ಎತ್ತರವೇ. ನೀರು ಹೇಗಿದ್ದರೂ ಕೆಳಗೆ ಹರಿಯುತ್ತಿತ್ತು. ಲೆಸೋಥೋ ಮಾರಿದ್ದು ತನ್ನ ಎತ್ತರವನ್ನು ಮತ್ತು ಅಣೆಕಟ್ಟಿಗೆ ಒದಗಿದ ಕಣಿವೆಯನ್ನು.

ಒಂದು ಕೊರತೆಯನ್ನೂ ಹೇಳಬೇಕು. ಮೂಲ ಒಪ್ಪಂದದಲ್ಲಿ ಕಾಟ್ಸೆಯ ಕೆಳಗೆ ನದಿಗೆ ಬಿಡಬೇಕಾದ ಕನಿಷ್ಠ ಹರಿವು ಸೆಕೆಂಡಿಗೆ 500 ಲೀಟರ್, ಮೊಹಾಲೆಯ ಕೆಳಗೆ 300 ಲೀಟರ್. ಕ್ಯುಸೆಕ್‌ನಲ್ಲಿ 18 ಮತ್ತು 11 ಆಗುವುದಿಲ್ಲ. ಅಷ್ಟು ದೊಡ್ಡ ಬೆಟ್ಟದ ನದಿಗೆ ಅದು ಏನೂ ಅಲ್ಲ. ಆಮೇಲೆ ಪರಿಸರ ಹರಿವಿನ ಅಧ್ಯಯನ ಮಾಡಿಸಿ ಹೆಚ್ಚಿಸಬೇಕಾಯಿತು. ಮೀನು, ಮೇವು, ಹೊಳೆದಂಡೆಯ ಸೌದೆ ಕಳೆದುಕೊಂಡವರ ನಷ್ಟ ಮೊದಲ ಲೆಕ್ಕದಲ್ಲಿ ಇಲ್ಲದಿದ್ದರೆ "ಉಳಿತಾಯ" ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

#4 ಬರದನಾಡು

ಸೂತ್ರ ಚೆನ್ನಾಗಿದೆ. ಆದರೆ ಸಹಿ ಬಿದ್ದ ಸಂದರ್ಭ ಬಿಟ್ಟು ಹೋಯಿತು. 1986ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ಲೆಸೋಥೋದ ಗಡಿ ಬಿಗಿ ಮಾಡಿತು, ಅದೇ ತಿಂಗಳು ಅಲ್ಲಿ ಸೇನೆ ಅಧಿಕಾರ ಹಿಡಿಯಿತು. ಒಂಬತ್ತು ತಿಂಗಳಲ್ಲಿ ಒಪ್ಪಂದ. ಶೇ 56 ಎಂಬುದು ಅರ್ಥಶಾಸ್ತ್ರದಿಂದ ಬಂತೋ, ಗಡಿ ಬಿಗಿತದಿಂದ ಬಂತೋ? ಜೊತೆಗೆ, ಯೋಜನಾ ಪ್ರಾಧಿಕಾರದ ಮುಖ್ಯಸ್ಥರಾಗಿದ್ದವರೇ ಲಂಚದ ಪ್ರಕರಣದಲ್ಲಿ 2002ರಲ್ಲಿ ಶಿಕ್ಷೆಗೊಳಗಾದರು. ರಾಯಲ್ಟಿ ಹೋಗುವುದು ಖಜಾನೆಗೆ, ಮುಳುಗಿದ್ದು ಕುರಿ ಮೇಯಿಸುವವರ ಹುಲ್ಲುಗಾವಲು.

#5 ಲೆಕ್ಕದ_ಪುಸ್ತಕ

ಬರದನಾಡು ಅವರೇ, ಈ ಪ್ರಶ್ನೆ ಕೇಳಲೇಬೇಕಾದದ್ದು. ಉಳಿತಾಯ ಎಷ್ಟು ಎಂದು ಅರ್ಥಶಾಸ್ತ್ರ ಹೇಳುತ್ತದೆ. ಅದನ್ನು ಯಾರಿಗೆ ಎಷ್ಟು ಎಂದು ಒಡೆಯುವುದು ಚೌಕಾಸಿ. ಒಪ್ಪಂದವೇ ಆಗದಿದ್ದರೆ ಯಾರು ಎಷ್ಟು ಕಳೆದುಕೊಳ್ಳುತ್ತಾರೆ ಎನ್ನುವುದರ ಮೇಲೆ ಚೌಕಾಸಿಯ ಬಲ ನಿಲ್ಲುತ್ತದೆ. ದಕ್ಷಿಣ ಆಫ್ರಿಕಾಕ್ಕೆ ಪಂಪ್ ದಾರಿ ಇತ್ತು. ಲೆಸೋಥೋಗೆ ಆ ನೀರನ್ನು ಮಾರಲು ಬೇರೆ ಗಿರಾಕಿಯೇ ಇರಲಿಲ್ಲ. ಆ ಸ್ಥಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಕ್ಕಿದ್ದು ಕಡಿಮೆಯೇನಲ್ಲ. ಆದರೆ "ನ್ಯಾಯ" ಎಂದು ಕರೆಯಲು ಅಷ್ಟೇ ಸಾಲದು.

ಮುಳುಗಡೆಯವರ ವಿಷಯದಲ್ಲಿ ನಾನು ನಿಮ್ಮ ಪರ. ಪರಿಹಾರವನ್ನು ಯೋಜನೆಯ ಖರ್ಚಿನ ಪಟ್ಟಿಯೊಳಗೇ, ಅಂದರೆ ಆ 60 ರೂಪಾಯಿಯ ಒಳಗೇ ಸೇರಿಸಬೇಕು. ರಾಯಲ್ಟಿ ಬಂದ ಮೇಲೆ ಕೊಡುತ್ತೇವೆ ಎಂದರೆ ಅದು ಬಜೆಟ್ಟಿನ ಜಗಳಕ್ಕೆ ಸಿಕ್ಕಿಬೀಳುತ್ತದೆ. ಹುಲ್ಲುಗಾವಲು ಕಳೆದುಕೊಂಡವರಿಗೆ ಒಂದೇ ಸಲದ ಹಣಕ್ಕಿಂತ ವಾರ್ಷಿಕ ಕಂತು ಮೇಲು, ಅದಕ್ಕೂ ಬೆಲೆಯೇರಿಕೆಯ ಹೊಂದಾಣಿಕೆ ಇರಬೇಕು. ರಾಯಲ್ಟಿಗೇ ಆ ಹೊಂದಾಣಿಕೆ ಇರುವಾಗ ಇವರಿಗೆ ಇಲ್ಲ ಅನ್ನುವುದಕ್ಕೆ ಕಾರಣವೇ ಇಲ್ಲ.

#6 ಕಣಿವೆ_ನೋಟ

ಕೆಟ್ಟುಹೋದ ಉದಾಹರಣೆ ಬೇಕಿದ್ದರೆ ಮಧ್ಯ ಏಷ್ಯಾದ ಸಿರ್ ದರಿಯಾ ನೋಡಬೇಕು. ಕಿರ್ಗಿಸ್ತಾನದಲ್ಲಿ, ಅದರ ಮೇಲಿನ ಕವಲಾದ ನಾರಿನ್ ನದಿಗೆ ಟೋಕ್ತೊಗುಲ್ ಜಲಾಶಯವಿದೆ. ಒಟ್ಟು 1,950 ಕೋಟಿ ಘನ ಮೀಟರ್, ಬಳಸಲು ಬರುವುದು 1,400 ಕೋಟಿ. ಸುಮಾರು 495 ಟಿಎಂಸಿ; ಹತ್ತು ಕೆಆರ್‌ಎಸ್‌ಗಳಷ್ಟು. ಕಟ್ಟಿದಾಗ ವಿದ್ಯುತ್ 1,200 ಮೆಗಾವಾಟ್.

ಕೆಳಗಿನ ಉಜ್ಬೇಕಿಸ್ತಾನ ಮತ್ತು ಕಜಕಸ್ತಾನಕ್ಕೆ ನೀರು ಬೇಕಾದದ್ದು ಬೇಸಿಗೆಯಲ್ಲಿ, ಹತ್ತಿ ಮತ್ತು ಭತ್ತಕ್ಕೆ. ಕಿರ್ಗಿಸ್ತಾನಕ್ಕೆ ವಿದ್ಯುತ್ ಬೇಕಾದದ್ದು ಚಳಿಗಾಲದಲ್ಲಿ, ಮನೆ ಬಿಸಿ ಮಾಡಲು. ಸೋವಿಯತ್ ಕಾಲದಲ್ಲಿ ಮಾಸ್ಕೋ ಅಪ್ಪಣೆ: ವರ್ಷದ ನೀರಿನ ಮುಕ್ಕಾಲು ಪಾಲು ಬೇಸಿಗೆಯಲ್ಲಿ ಬಿಡಿ, ಚಳಿಗಾಲಕ್ಕೆ ಕಲ್ಲಿದ್ದಲು, ಗ್ಯಾಸ್ ಕೆಳಗಿನಿಂದ ಬರುತ್ತದೆ. 1991ರ ನಂತರ ಇಂಧನಕ್ಕೆ ಮಾರುಕಟ್ಟೆ ಬೆಲೆ ಬಂತು. ಜಲಾಶಯದ ಸೇವೆಗೆ ಮಾತ್ರ ಬೆಲೆ ಬರಲಿಲ್ಲ. ಕಿರ್ಗಿಸ್ತಾನ ಚಳಿಗಾಲದಲ್ಲೇ ನೀರು ಬಿಟ್ಟು ಟರ್ಬೈನ್ ತಿರುಗಿಸತೊಡಗಿತು.

1998ರ ಮಾರ್ಚ್ 17ರಂದು ಬಿಷ್ಕೆಕ್‌ನಲ್ಲಿ ಮೂರು ದೇಶಗಳು ಒಪ್ಪಂದ ಮಾಡಿಕೊಂಡವು. ತಜಿಕಿಸ್ತಾನ ಮರುವರ್ಷ ಸೇರಿತು. ತಿರುಳು ಇದು: ಬೇಸಿಗೆಯಲ್ಲಿ ನೀರು ಬಿಟ್ಟಾಗ ಹುಟ್ಟುವ ಹೆಚ್ಚುವರಿ ವಿದ್ಯುತ್ 220 ಕೋಟಿ ಯೂನಿಟ್ಟನ್ನು ಉಜ್ಬೇಕಿಸ್ತಾನ ಮತ್ತು ಕಜಕಸ್ತಾನ ತಲಾ ಅರ್ಧ ಕೊಳ್ಳಬೇಕು, ಬದಲಿಗೆ ಗ್ಯಾಸ್, ಕಲ್ಲಿದ್ದಲು, ಫ್ಯುಯೆಲ್ ಆಯಿಲ್ ಕೊಡಬೇಕು.

ಕಾಗದದ ಮೇಲೆ ಸರಿ. ಕೆಟ್ಟದ್ದು ಎಲ್ಲಿ? ಪ್ರಮಾಣವನ್ನು ಪ್ರತಿ ವರ್ಷ ಹೊಸದಾಗಿ ಕೂತು ಮಾತಾಡಬೇಕಿತ್ತು, ಹಾಗಾಗಿ ಎಷ್ಟೋ ಸಲ ಬಿತ್ತನೆ ಶುರುವಾದರೂ ಮಾತುಕತೆ ಮುಗಿದಿರುತ್ತಿರಲಿಲ್ಲ. ಎರಡನೆಯದು ಇನ್ನೂ ಆಳದ್ದು. ಮಳೆ ಚೆನ್ನಾಗಿ ಬಿದ್ದ ವರ್ಷ ಕೆಳಗಿನವರಿಗೆ ಟೋಕ್ತೊಗುಲ್ ನೀರು ಅಷ್ಟಾಗಿ ಬೇಡ, ಆದ್ದರಿಂದ ವಿದ್ಯುತ್ತೂ ಕೊಳ್ಳುವುದಿಲ್ಲ, ಇಂಧನವೂ ಬರುವುದಿಲ್ಲ. ಇಂಧನವಿಲ್ಲದ ಕಿರ್ಗಿಸ್ತಾನ ಆ ಚಳಿಗಾಲದಲ್ಲಿ ಜಲಾಶಯ ಖಾಲಿ ಮಾಡುತ್ತದೆ. ಮುಂದಿನ ವರ್ಷ ಬರ ಬಂದರೆ ಬಿಡಲು ನೀರೇ ಇರುವುದಿಲ್ಲ. ಟೋಕ್ತೊಗುಲ್ ಅನ್ನು ಕಟ್ಟಿದ್ದೇ ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ಹಿಡಿದಿಡಲು. ಹಿಡಿದಿಡುವ ಆ ಕೆಲಸಕ್ಕೇ ಒಪ್ಪಂದದಲ್ಲಿ ಸಂಬಳವಿರಲಿಲ್ಲ.

#7 ಲೆಕ್ಕದ_ಪುಸ್ತಕ

ಇಲ್ಲೇ #2ರ ಎರಡು ಭಾಗದ ರಾಯಲ್ಟಿ ನೆನಪಿಸಿಕೊಳ್ಳಬೇಕು. ಲೆಸೋಥೋಗೆ ಮಳೆ ಬಂದರೂ ಬರದಿದ್ದರೂ ನಿಗದಿತ ಕಂತು ಬರುತ್ತದೆ. ಹರಿದ ನೀರಿಗೆ ಪ್ರತ್ಯೇಕ. ಟೋಕ್ತೊಗುಲ್‌ಗೂ ಅದೇ ಆಗಬೇಕಿತ್ತು: ಇಷ್ಟು ನೀರನ್ನು ಏಪ್ರಿಲ್ 1ರ ಹೊತ್ತಿಗೆ ಜಲಾಶಯದಲ್ಲಿ ಉಳಿಸಿದ್ದಕ್ಕೆ ಪ್ರತಿ ವರ್ಷ ಒಂದು ನಿಗದಿತ ಬಾಡಿಗೆ, ಬಿಟ್ಟ ನೀರಿಗೆ ಬೇರೆ ದರ. 2001ರಲ್ಲಿ ಕಿರ್ಗಿಸ್ತಾನ ಅಂತರರಾಜ್ಯ ನೀರಿನ ಬಳಕೆಯ ಬಗ್ಗೆ ಕಾನೂನನ್ನೇ ಮಾಡಿ ಶುಲ್ಕ ಕೇಳಿತು. ಕೆಳಗಿನವರು ಅದನ್ನು "ನೀರಿಗೆ ಬೆಲೆ" ಎಂದು ಓದಿ ತಿರಸ್ಕರಿಸಿದರು. ಹರಿಯುವ ನದಿಯ ನೀರಿಗೆ ಬೆಲೆ ಕೇಳಿದರೆ ಯಾವ ಕೆಳದೇಶವೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಸಂಗ್ರಹಿಸಿಟ್ಟ ಸೇವೆಗೆ ಕೇಳಿದರೆ ಮಾತು ಬೇರೆ.

#8 ಎಡದಂಡೆ_ನಾಲೆ

ಚಳಿಗಾಲದ ಬಿಡುಗಡೆಯಿಂದ ಆಗುವ ಇನ್ನೊಂದು ಹಾನಿ: ಕೆಳಗೆ ನದಿ ಹೆಪ್ಪುಗಟ್ಟಿರುತ್ತದೆ, ಅಷ್ಟು ನೀರನ್ನು ಹೊರುವುದಿಲ್ಲ. ಕಜಕಸ್ತಾನದ ಚಾರ್ದರಾ ಜಲಾಶಯದಿಂದ ಹೆಚ್ಚುವರಿ ನೀರನ್ನು ಉಜ್ಬೇಕಿಸ್ತಾನದ ಅರ್ನಸಾಯ್ ತಗ್ಗಿಗೆ ಬಿಡಬೇಕಾಗುತ್ತಿತ್ತು. ಅಲ್ಲಿ ಸರೋವರಗಳೇ ಬೆಳೆದವು, ಬೇಸಿಗೆಯಲ್ಲಿ ಹೊಲಕ್ಕೆ ಬರಬೇಕಾದ ನೀರು ಅಲ್ಲೇ ಆವಿಯಾಯಿತು. ಕೊನೆಗೆ ಕಜಕಸ್ತಾನ ಚಳಿಗಾಲದ ನೀರನ್ನು ಹಿಡಿಯಲೆಂದೇ 300 ಕೋಟಿ ಘನ ಮೀಟರಿನ ಕೊಕ್ಸರಾಯ್ ಕಟ್ಟಿತು. ಮೇಲೆ ಜಲಾಶಯ ಇದ್ದೂ ಕೆಳಗೆ ಇನ್ನೊಂದು ಕಟ್ಟಿದ ಆ ಖರ್ಚನ್ನು ಸಹಕಾರ ಮುರಿದದ್ದರ ಬೆಲೆ ಎಂದೇ ನಾನು ಓದುತ್ತೇನೆ.

ಈಗಿನ ದಾರಿ ಕಂಬರಾತಾ-1, 1,860 ಮೆಗಾವಾಟ್, ಟೋಕ್ತೊಗುಲ್‌ಗಿಂತ ಮೇಲೆ. 2023ರಲ್ಲಿ ಮೂರು ದೇಶಗಳೂ ಸೇರಿ ಕಟ್ಟುವ ಮಾರ್ಗಸೂಚಿಗೆ ಸಹಿ ಹಾಕಿದವು. ಕೆಲಸ ಮಾಡುವ ಬಗೆ ಹೀಗೆ: ಚಳಿಗಾಲದಲ್ಲಿ ಮೇಲಿನ ಕಂಬರಾತಾದಿಂದ ನೀರು ಬಿಟ್ಟು ವಿದ್ಯುತ್ ತೆಗೆಯುವುದು, ಆ ನೀರು ಟೋಕ್ತೊಗುಲ್‌ನಲ್ಲಿ ನಿಲ್ಲುವುದು, ಬೇಸಿಗೆಯಲ್ಲಿ ಟೋಕ್ತೊಗುಲ್‌ನಿಂದ ಹೊಲಕ್ಕೆ ಬಿಡುವುದು. ಒಂದೇ ನೀರಿಗೆ ಎರಡು ಋತುವಿನ ಕೆಲಸ. ಕೆಳಗಿನ ದೇಶಗಳು ಬಂಡವಾಳ ಹಾಕಿದರೆ ಗೇಟಿನ ವೇಳಾಪಟ್ಟಿಯಲ್ಲೂ ಅವಕ್ಕೆ ಮಾತು ಇರುತ್ತದೆ.

#9 ಕರಾರುಪತ್ರ

ಕಾನೂನಿನ ಕಡೆಯಿಂದ ಜೋರ್ಡಾನ್–ಇಸ್ರೇಲ್ 1994ರ ಶಾಂತಿ ಒಪ್ಪಂದದ ಎರಡನೇ ಅನುಬಂಧ ನೋಡುವಂಥದ್ದು. ಹಣದ ಬದಲು ಋತು ವಿನಿಮಯ ಅಲ್ಲಿದೆ. ಚಳಿಗಾಲದಲ್ಲಿ ಯಾರ್ಮುಕ್ ನದಿಯಿಂದ ಇಸ್ರೇಲ್ ಹೆಚ್ಚುವರಿ 2 ಕೋಟಿ ಘನ ಮೀಟರ್ ಪಂಪ್ ಮಾಡಿಕೊಳ್ಳಬಹುದು. ಅಷ್ಟೇ ನೀರನ್ನು ಬೇಸಿಗೆಯಲ್ಲಿ ಜೋರ್ಡಾನ್ ನದಿಯಿಂದ ಜೋರ್ಡಾನ್ ದೇಶಕ್ಕೆ ಕೊಡಬೇಕು. ಸಾಗಣೆಯ ನಿರ್ವಹಣಾ ಖರ್ಚು ಜೋರ್ಡಾನ್‌ದು. ಜೋರ್ಡಾನ್‌ಗೆ ಆಗ ಚಳಿಗಾಲದ ನೀರು ಹಿಡಿದಿಡಲು ಜಾಗವಿರಲಿಲ್ಲ, ಇಸ್ರೇಲ್ ಬಳಿ ಗಲಿಲಿ ಸರೋವರವಿತ್ತು. ಪ್ರಮಾಣ 0.7 ಟಿಎಂಸಿ ಅಷ್ಟೇ. ನೀರಿನ ತೀವ್ರ ಕೊರತೆಯ ಆ ನಾಡಿನಲ್ಲಿ ಅದಕ್ಕೂ ಬಹಳ ತೂಕವಿದೆ.

ಆ ಅನುಬಂಧದ ದೊಡ್ಡ ಲೋಪ ಬರಗಾಲದ ಷರತ್ತು ಇಲ್ಲದಿರುವುದು. 1999ರಲ್ಲಿ ಬರ ಬಂತು, ಇಸ್ರೇಲ್ ಕಡಿತ ಮಾಡುತ್ತೇನೆಂದಿತು, ಜೋರ್ಡಾನ್ ಅಂಕಿ ಎಂದರೆ ಅಂಕಿ ಎಂದಿತು. ಕೊನೆಗೆ ರಾಜಕೀಯ ಮಟ್ಟದಲ್ಲಿ ಬಗೆಹರಿಯಿತು. ಸ್ಥಿರ ಅಂಕಿ ಬರೆದರೆ ಬರದ ಹೊರೆ ಪೂರ್ತಿ ಕೊಡುವವನ ಮೇಲೆ. ಶೇಕಡಾವಾರು ಬರೆದರೆ ಇಬ್ಬರ ಮೇಲೂ. ಯಾವುದನ್ನು ಬರೆಯುತ್ತೀರಿ ಎಂಬುದು ವಿಮೆ ಯಾರು ಯಾರಿಗೆ ಕೊಡುತ್ತಾರೆ ಎಂಬ ತೀರ್ಮಾನ. ವಿಮೆಗೆ ಪ್ರೀಮಿಯಂ ಇರಬೇಕು.

#10 ಲೆಕ್ಕದ_ಪುಸ್ತಕ

ಜೋರ್ಡಾನ್ ಕಣಿವೆಯಿಂದಲೇ ಬಂದ ಇನ್ನೊಂದು ವಿಚಾರ ಮುಖ್ಯ. ಎಂಐಟಿಯ ಫ್ರಾಂಕ್ಲಿನ್ ಫಿಶರ್ ಮತ್ತು ಅವರ ಜೊತೆಗಾರರು, ಇಸ್ರೇಲಿ, ಜೋರ್ಡಾನಿಯನ್, ಪ್ಯಾಲೆಸ್ತೀನಿಯನ್ ತಜ್ಞರೂ ಸೇರಿ, ಒಂದು ಮಾದರಿ ಕಟ್ಟಿದರು. ಮೂಲ ವಾದ ಸರಳ: ಸಮುದ್ರದ ನೀರನ್ನು ಸಿಹಿ ಮಾಡಲು ಸಾಧ್ಯವಿರುವ ಕಡೆ ಜಗಳದ ನೀರಿನ ಬೆಲೆಗೆ ಒಂದು ಮೇಲ್ಮಿತಿ ಇದೆ. 2005ರಲ್ಲಿ ಶುರುವಾದ ಅಶ್ಕೆಲೋನ್ ಘಟಕದ ದರ ಘನ ಮೀಟರಿಗೆ 53 ಸೆಂಟ್ ಆಸುಪಾಸು.

ಕಾಲ್ಪನಿಕ ಅಂಕಿ ಹಿಡಿಯಿರಿ. ಕರಾವಳಿಯಲ್ಲಿ ಸಿಹಿ ಮಾಡಿದ ನೀರು 60 ಸೆಂಟ್. ಜಗಳದ ಚಿಲುಮೆಯಿಂದ ಕರಾವಳಿಗೆ ತರಲು 15 ಸೆಂಟ್. ಹಾಗಾದರೆ ಚಿಲುಮೆಯ ಬಳಿ ಆ ನೀರಿನ ಬೆಲೆ 45 ಸೆಂಟ್ ಮೀರದು. 10 ಕೋಟಿ ಘನ ಮೀಟರ್ ಬಗ್ಗೆ ಜಗಳವಿದ್ದರೆ ಪಣದಲ್ಲಿರುವುದು ಹೆಚ್ಚೆಂದರೆ ವರ್ಷಕ್ಕೆ 4.5 ಕೋಟಿ ಡಾಲರ್. ಯುದ್ಧಕ್ಕೆ ಹೋಗುವ ಮೊತ್ತವಲ್ಲ ಅದು.

ಎಲ್ಲ ಕಡೆ ಇದು ಹೊಂದುವುದಿಲ್ಲ. ಅಮ್ಮಾನ್‌ಗೆ ದೇಶದೊಳಗಿನ ಕಡಲು ಅಕಾಬಾದಲ್ಲಿ, ನೂರಾರು ಕಿಲೋಮೀಟರ್ ದೂರ, ಊರು ಎತ್ತರದಲ್ಲಿ. ಎಡದಂಡೆ ಸರ್ ಕೊಟ್ಟ ಸೂತ್ರದಂತೆ ಸಾವಿರ ಮೀಟರ್ ಎತ್ತಲು 3.6 ಯೂನಿಟ್, ಸಿಹಿ ಮಾಡುವುದಕ್ಕೇ 3ರಿಂದ 4 ಯೂನಿಟ್. ಅಂದರೆ ವಿದ್ಯುತ್ ಖರ್ಚೇ ದುಪ್ಪಟ್ಟು. ಅದಕ್ಕೇ ಜೋರ್ಡಾನ್ 2021ರಲ್ಲಿ ಇಸ್ರೇಲ್‌ನಿಂದ ಹೆಚ್ಚುವರಿ 5 ಕೋಟಿ ಘನ ಮೀಟರ್ ಕೊಳ್ಳಲು ಒಪ್ಪಿತು. ಅದೇ ವರ್ಷ ನವೆಂಬರ್‌ನಲ್ಲಿ 600 ಮೆಗಾವಾಟ್ ಸೌರ ವಿದ್ಯುತ್ ಕೊಟ್ಟು 20 ಕೋಟಿ ಘನ ಮೀಟರ್ ನೀರು ಪಡೆಯುವ ಉದ್ದೇಶಪತ್ರಕ್ಕೂ ಸಹಿಯಾಯಿತು. ಗಾಜಾ ಯುದ್ಧ ಶುರುವಾದ ಮೇಲೆ, 2023ರ ನವೆಂಬರ್‌ನಲ್ಲಿ, ಅದರ ಅಂತಿಮ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದು ಜೋರ್ಡಾನ್ ಹೇಳಿತು. ಎರಡೂ ಕಡೆ ಲಾಭವಿದ್ದ ಲೆಕ್ಕ ಅದು. ಕುಡಿಯುವ ನೀರಿನ ನಲ್ಲಿ ನೆರೆಯವನ ಕೈಗೆ ಹೋಗುವ ಭಯ ಲೆಕ್ಕದಲ್ಲಿರಲಿಲ್ಲ.

#11 ಬರದನಾಡು

ಸಮುದ್ರವಿಲ್ಲದ ಕಡೆ ನೀರಿನ ಬೆಲೆ ಎಂದರೆ ಬೆಳೆಯಲ್ಲಿ ಅದು ತಂದುಕೊಡುವ ಆದಾಯ. ಅದನ್ನು ಹೇಗೆ ತೆಗೆಯುತ್ತಾರೆ? ಎಷ್ಟೋ ವರದಿಗಳಲ್ಲಿ ಈ ಅಂಕಿ ನಂಬುವಂತಿರುವುದಿಲ್ಲ.

#12 ಎಡದಂಡೆ_ನಾಲೆ

ನಂಬಲಾಗದಂತೆ ಬರುವುದಕ್ಕೆ ಗುರುತಿಸಬಹುದಾದ ಕಾರಣಗಳಿವೆ. ಒಂದು ಹೆಕ್ಟೇರ್ ತೆಗೆದುಕೊಳ್ಳಿ, ಅಂಕಿಗಳು ವಿವರಣೆಗಾಗಿ ಮಾತ್ರ. ಬೆಳೆಯ ಒಟ್ಟು ಬೆಲೆ 1,20,000 ರೂಪಾಯಿ. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಕೂಲಿ, ಮನೆಯವರ ದುಡಿಮೆ, ಭೂಮಿಯ ಗುತ್ತಿಗೆ ಎಲ್ಲ ಸೇರಿ 90,000. ಉಳಿದ 30,000 ನೀರಿನಿಂದ ಬಂದದ್ದು. ನೀರು 6,000 ಘನ ಮೀಟರ್. ಘನ ಮೀಟರಿಗೆ 5 ರೂಪಾಯಿ.

ಮೊದಲ ತಪ್ಪು: ಮನೆಯವರ ದುಡಿಮೆ ಬಿಟ್ಟುಬಿಡುವುದು. ಅದು 20,000 ಎಂದರೆ ನೀರಿನ ಬೆಲೆ ಒಮ್ಮೆಲೇ 8 ರೂಪಾಯಿ ದಾಟುತ್ತದೆ. ಎರಡನೆಯದು: 5 ರೂಪಾಯಿ ಸರಾಸರಿ. ಗಡಿ ಮಾತುಕತೆಯಲ್ಲಿ ಯಾರೂ ಎಲ್ಲ ನೀರನ್ನೂ ಬಿಟ್ಟುಕೊಡುವುದಿಲ್ಲ, ಕೊನೆಯ ಒಂದೆರಡು ಸಲದ ನೀರು ಬಿಟ್ಟುಕೊಡುವ ಪ್ರಶ್ನೆ. 6,000ದಿಂದ 5,000ಕ್ಕೆ ಇಳಿಸಿದಾಗ ಆದಾಯ 2,000 ರೂಪಾಯಿ ತಗ್ಗಿದರೆ ಆ ನೀರಿನ ಬೆಲೆ 2 ರೂಪಾಯಿ. ಹೂ ಬಿಡುವ ಹೊತ್ತಿನ ನೀರು ತಪ್ಪಿದರೆ ಬೇರೆಯೇ ಅಂಕಿ ಬರುತ್ತದೆ, ಆದ್ದರಿಂದ ತಿಂಗಳವಾರು ತೆಗೆಯಬೇಕು. ಮೂರನೆಯದು ಜಾಗ: ಹೊಲದ 2 ರೂಪಾಯಿ ಗಡಿಯಲ್ಲಿ 2 ರೂಪಾಯಿ ಅಲ್ಲ. ನಾಲೆಯಲ್ಲಿ ಶೇ 40 ಇಂಗಿದರೆ ಗಡಿಯಲ್ಲಿ ಅದು 1.20. ಇಂಗಿದ ನೀರನ್ನು ಮತ್ತೊಬ್ಬ ರೈತ ಬೋರ್‌ನಿಂದ ಎತ್ತುತ್ತಿದ್ದರೆ ಅಷ್ಟನ್ನು ಮತ್ತೆ ಸೇರಿಸಬೇಕು. ನಾಲೆಗೆ ಕಾಂಕ್ರೀಟ್ ಹಾಕಿ "ನೀರು ಉಳಿಸಿದೆವು" ಎನ್ನುವ ಯೋಜನೆಗಳು ಎಡವುವುದು ಇಲ್ಲೇ.

ಇನ್ನು ಬೆಂಬಲ ಬೆಲೆ, ಉಚಿತ ವಿದ್ಯುತ್ ಇರುವ ಕಡೆ ರೈತನಿಗೆ ಕಾಣುವ ಬೆಲೆಯೇ ಬೇರೆ, ದೇಶಕ್ಕೆ ಆಗುವ ಲಾಭವೇ ಬೇರೆ. ಎರಡನ್ನೂ ಪ್ರತ್ಯೇಕ ಕಾಲಂನಲ್ಲಿ ಬರೆಯಬೇಕು.

#13 ತುಂಗೆಯ_ತಟ

ಕಾವೇರಿಗೆ ಇದರಲ್ಲಿ ಏನಾದರೂ ಹೊಂದುತ್ತದೆಯೇ?

#14 ಕರಾರುಪತ್ರ

ಕಾವೇರಿ ಒಂದೇ ದೇಶದೊಳಗಿನದು, ಮೇಲೆ ನ್ಯಾಯಾಲಯವಿದೆ. ಹಾಗಾಗಿ ಹೋಲಿಕೆ ಒಂದೇ ವಿಷಯದಲ್ಲಿ. 2018ರ ಸುಪ್ರೀಂ ಕೋರ್ಟ್ ತೀರ್ಪು ಸಾಮಾನ್ಯ ವರ್ಷಕ್ಕೆ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಎಂದು ತಿಂಗಳವಾರು ಹೇಳುತ್ತದೆ. ಸಂಕಷ್ಟದ ವರ್ಷದ ಸೂತ್ರ ಒಪ್ಪಿತವಾಗಿ ಬರೆದಿಲ್ಲದ್ದರಿಂದ ಪ್ರತಿ ಬರದಲ್ಲೂ ಜಗಳ ಮೊದಲಿಂದ ಶುರು. ಜೋರ್ಡಾನ್ ಅನುಬಂಧದ ಲೋಪವೇ ಇಲ್ಲೂ. ಇಷ್ಟಕ್ಕೆ ನಿಲ್ಲಿಸೋಣ, ಕಾವೇರಿಗೆ ಬೇರೆ ಎಳೆಗಳಿವೆ.

#15 ಕಣಿವೆ_ನೋಟ

ನೈಲ್ ಬಗ್ಗೆ ಒಂದೇ ಮಾತು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ವರ್ಷದ 8,400 ಕೋಟಿ ಘನ ಮೀಟರನ್ನು ಹಂಚಿಕೊಂಡವು: 5,550 ಮತ್ತು 1,850. ಉಳಿದ 1,000 ಕೋಟಿ ಈಜಿಪ್ಟಿನ ಆಸ್ವಾನ್ ಜಲಾಶಯದಲ್ಲಿ ಆವಿಯಾಗಿ ಹೋಗುತ್ತದೆಂದು ಬರೆದುಕೊಂಡರು. 353 ಟಿಎಂಸಿ; ಕಾವೇರಿಯಲ್ಲಿ ಕರ್ನಾಟಕದ ಇಡೀ ಪಾಲು 284.75. ಇಥಿಯೋಪಿಯಾದ ತಂಪು ಎತ್ತರದಲ್ಲಿ ಸಂಗ್ರಹಿಸಿದರೆ ಆವಿ ಕಡಿಮೆ. ಆ ಉಳಿತಾಯವನ್ನು ಮೂವರೂ ಹಂಚಿಕೊಳ್ಳಬಹುದಿತ್ತು. 1959ರ ಮೇಜಿನಲ್ಲಿ ಇಥಿಯೋಪಿಯಾಕ್ಕೆ ಕುರ್ಚಿಯೇ ಇರಲಿಲ್ಲ.

#16 ಕರಾರುಪತ್ರ

ಲಾಭ ಹಂಚಿಕೆಯ ಒಪ್ಪಂದ ಹಳತಾದಾಗ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದಿಂದ ಅಮೆರಿಕಕ್ಕೆ ಹರಿಯುವ ಕೊಲಂಬಿಯಾ ನದಿ. 1961ರ ಒಪ್ಪಂದ, 1964ರಲ್ಲಿ ಜಾರಿ. ಕೆನಡಾ ಮೂರು ಅಣೆಕಟ್ಟು ಕಟ್ಟಿ 675 ಟಿಎಂಸಿಯಷ್ಟು ಸಂಗ್ರಹ ಒದಗಿಸಿತು. ಪ್ರವಾಹ ತಡೆದದ್ದಕ್ಕೆ ಅಮೆರಿಕ 6.44 ಕೋಟಿ ಡಾಲರ್ ಕೊಟ್ಟಿತು. ಕೆಳಗೆ ಹೆಚ್ಚಾದ ವಿದ್ಯುತ್ತಿನಲ್ಲಿ ಅರ್ಧ ಕೆನಡಾದ್ದು. ಮೊದಲ 30 ವರ್ಷದ ಪಾಲನ್ನು ಅದು 25.44 ಕೋಟಿ ಡಾಲರ್‌ಗೆ ಮಾರಿತು. ಸೇವೆಗೆ ದುಡ್ಡು, ನೀರಿಗಲ್ಲ, ಮಾದರಿ ಒಪ್ಪಂದ.

ತೊಡಕು ಬಂದದ್ದು ಅಳತೆಗೋಲಿನಲ್ಲಿ. "ಹೆಚ್ಚಾದ ವಿದ್ಯುತ್" ಎಂದರೆ ಕೆನಡಾದ ಸಂಗ್ರಹ ಇಲ್ಲದಿದ್ದರೆ ಎಷ್ಟಾಗುತ್ತಿತ್ತೋ ಅದಕ್ಕೆ ಹೋಲಿಸಿ. ಆ "ಇಲ್ಲದಿದ್ದರೆ" ಅನ್ನುವ ಲೋಕ 1961ರ ಕಲ್ಪನೆ. ಆಮೇಲೆ ಮೀನುಗಳಿಗಾಗಿ ನೀರು ಬಿಡುವ ನಿಯಮ ಬಂತು, ಗ್ರಿಡ್ ಬದಲಾಯಿತು. ಸೂತ್ರ ಹಾಗೇ ಉಳಿಯಿತು. ತಾನು ನಿಜವಾದ ಲಾಭಕ್ಕಿಂತ ಹೆಚ್ಚು ಕೊಡುತ್ತಿದ್ದೇನೆಂದು ಅಮೆರಿಕ ವಾದಿಸಿತು, 2024ರ ಜುಲೈನಲ್ಲಿ ಹೊಸ ತಾತ್ವಿಕ ಒಪ್ಪಂದವಾಯಿತು. ಲೆಸೋಥೋದಲ್ಲೂ ಅಳತೆಗೋಲು ಕಟ್ಟದೇ ಉಳಿದ ಪಂಪ್ ಯೋಜನೆಯೇ. ಹಾಗಾಗಿ ಅಳತೆಗೋಲನ್ನು ಹತ್ತು ವರ್ಷಕ್ಕೊಮ್ಮೆ ಮರುಲೆಕ್ಕ ಮಾಡುವ ಷರತ್ತು ಮೊದಲ ದಿನವೇ ಇರಬೇಕು, ಮರುಲೆಕ್ಕದ ವಿಧಾನವೂ ಅಲ್ಲೇ ಬರೆದಿರಬೇಕು.

#17 ಲೆಕ್ಕದ_ಪುಸ್ತಕ

ಈಗ ಗಂಗೆಗೆ ಬರೋಣ, ಎಳೆ ಶುರುವಾದದ್ದೇ ಅಲ್ಲಿಂದ. ಜನವರಿ 1ರಿಂದ ಮೇ 31ರವರೆಗೆ ಹತ್ತು ದಿನಗಳ ಕಂತಿನಲ್ಲಿ, ಗಡಿಯ ಬಳಿ ಭಾರತದಲ್ಲಿರುವ ಫರಕ್ಕಾ ಬ್ಯಾರೇಜಿನ ಹರಿವು 70,000 ಕ್ಯುಸೆಕ್ ಅಥವಾ ಕಡಿಮೆ ಇದ್ದರೆ ಅರ್ಧ ಅರ್ಧ. 70,000ದಿಂದ 75,000ದವರೆಗೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ. 75,000 ಮೀರಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾಕ್ಕೆ.

ಇದನ್ನು ಕೊನೆಯ ಕ್ಯುಸೆಕ್ ಯಾರಿಗೆ ಎಂಬ ದೃಷ್ಟಿಯಿಂದ ಓದಿ. 70,000ದ ಒಳಗೆ ಒಂದು ಕ್ಯುಸೆಕ್ ಕಡಿಮೆಯಾದರೆ ಇಬ್ಬರಿಗೂ ಅರ್ಧರ್ಧ ನಷ್ಟ. 70,000–75,000ದ ನಡುವೆ ಪೂರ್ತಿ ನಷ್ಟ ಭಾರತಕ್ಕೆ. 75,000ದ ಮೇಲೆ ಪೂರ್ತಿ ಬಾಂಗ್ಲಾಕ್ಕೆ. ನಷ್ಟದ ಹೊಣೆ ಹೀಗೆ ಕೈಯಿಂದ ಕೈಗೆ ಜಿಗಿಯುವುದಕ್ಕೆ ಬೆಳೆಯ ಬೆಲೆಯೂ ಕಾರಣವಲ್ಲ, ಕೋಲ್ಕತ್ತಾ ಬಂದರಿನ ಹೂಳೂ ಕಾರಣವಲ್ಲ. ಆ ಬಂದರಿನ ಕಡೆಗೆ ನೀರೊಯ್ಯುವ ಫರಕ್ಕಾ ಫೀಡರ್ ನಾಲೆಯ ಸಾಮರ್ಥ್ಯ 40,000, ಅಷ್ಟೇ.

ಮಾರ್ಚ್ 11ರಿಂದ ಮೇ 10ರವರೆಗೆ ಇನ್ನೊಂದು ನಿಯಮ: ಒಬ್ಬರು ಬಿಟ್ಟು ಒಬ್ಬರಿಗೆ, ಹತ್ತು ದಿನಕ್ಕೊಮ್ಮೆ 35,000 ಖಾತರಿ. ಹರಿವು 55,000 ಇದ್ದರೆ ಒಬ್ಬರಿಗೆ 35,000, ಇನ್ನೊಬ್ಬರಿಗೆ 20,000. ಸರಾಸರಿ ಇಬ್ಬರಿಗೂ ಸಮವೇ. ಆದರೆ ನದಿ ತೀರಾ ಇಳಿದ ಹತ್ತು ದಿನದಲ್ಲಿ ಬಾಂಗ್ಲಾದ ಗೊರಾಯ್ ಕವಲಿಗೆ ನೀರು ಏರುವುದಿಲ್ಲ, ಖುಲ್ನಾ ಕಡೆ ಉಪ್ಪು ಒಳನುಗ್ಗುತ್ತದೆ. ಮುಂದಿನ ಹತ್ತು ದಿನ ಹೆಚ್ಚು ಬಿಟ್ಟರೆ ಆ ಉಪ್ಪು ತಕ್ಷಣ ಹೋಗುವುದಿಲ್ಲ.

#18 ಬರದನಾಡು

ಮತ್ತು 50,000ದ ಕೆಳಗೆ ಇಳಿದರೆ "ತಕ್ಷಣ ಸಮಾಲೋಚನೆ" ಎಂದಷ್ಟೇ ಇದೆ. 1977ರ ಒಪ್ಪಂದದಲ್ಲಿ ಬಾಂಗ್ಲಾಕ್ಕೆ ಹತ್ತು ದಿನದ ಪಟ್ಟಿಯಲ್ಲಿ ಬರೆದ ಪಾಲಿನ ಶೇ 80ರಷ್ಟು ಖಾತರಿ ಇತ್ತು, 1996ರಲ್ಲಿ ಅದು ಹೋಯಿತು. ಬಾಂಗ್ಲಾದ ದಕ್ಷಿಣ–ಪಶ್ಚಿಮದ ರೈತರಿಗೆ ಬರದ ವರ್ಷದಲ್ಲಿ ಬೇಕಾದದ್ದು ಆ ಒಂದು ಸಾಲು.

#19 ಲೆಕ್ಕದ_ಪುಸ್ತಕ

ಹೌದು. ಆದರೆ ಖಾತರಿಯನ್ನು ಸುಮ್ಮನೆ ಕೇಳಿದರೆ ಸಿಗುವುದಿಲ್ಲ. ಅದನ್ನು ಪೂರೈಸಲು ಉತ್ತರ ಪ್ರದೇಶ, ಬಿಹಾರದ ನಾಲೆಗಳಲ್ಲಿ ಯಾರೋ ನೀರು ಬಿಡಬೇಕು. ಹರಿವು 50,000ದ ಕೆಳಗೆ ಹೋದಾಗ ಮಾತ್ರ ಜಾರಿಯಾಗುವ, ದರ ಮೊದಲೇ ನಿಗದಿಯಾದ ಷರತ್ತು ಬರೆಯಬಹುದು: ಇಷ್ಟು ಹೆಕ್ಟೇರ್ ಬೇಸಿಗೆ ಬೆಳೆ ಬಿಟ್ಟರೆ ರೈತರಿಗೆ ಹೆಕ್ಟೇರಿಗೆ ಇಷ್ಟು. #12ರ ವಿಧಾನದಲ್ಲಿ ಕೊನೆಯ ನೀರಿನ ಬೆಲೆ ತೆಗೆದು, ಅದರ ಮೇಲೆ ಸ್ವಲ್ಪ ಸೇರಿಸಿ ದರ. ಹಣ ಇಬ್ಬರೂ ಪ್ರತಿ ವರ್ಷ ಹಾಕುವ ನಿಧಿಯಿಂದ. ತೀರ್ಮಾನ ಜನವರಿಯಲ್ಲೇ ಆಗಬೇಕು; ಬಿತ್ತಿದ ಮೇಲೆ ಹೇಳಿದರೆ ರೈತ ಬಿಡುವುದಿಲ್ಲ, ಬಿಡಲೂಬಾರದು.

ಇನ್ನೊಂದು, ನೇಪಾಳವನ್ನು ಹೊರಗಿಟ್ಟು ಬೇಸಿಗೆ ಹರಿವು ಹೆಚ್ಚಿಸುವ ಮಾತು ನಡೆಯದು. ನೇಪಾಳದ 40 ಮೆಗಾವಾಟ್ ವಿದ್ಯುತ್ತನ್ನು ಭಾರತದ ಗ್ರಿಡ್ ಮೂಲಕ ಬಾಂಗ್ಲಾಕ್ಕೆ ಸಾಗಿಸುವ ತ್ರಿಪಕ್ಷೀಯ ಒಪ್ಪಂದ 2024ರ ಅಕ್ಟೋಬರ್‌ನಲ್ಲಿ ಆಯಿತು. ಪ್ರಮಾಣ ಸಣ್ಣದು, ಮೂವರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ದೊಡ್ಡದು. ನೇಪಾಳದಲ್ಲಿ ಸಂಗ್ರಹ ಕಟ್ಟುವುದಾದರೆ ಮುಳುಗುವ ಕಣಿವೆ ಅವರದು, ನೀರಿನ ಲಾಭ ಕೆಳಗಿನವರದು. ಲೆಸೋಥೋ ಥರದ ನಿಗದಿತ ಕಂತು ಇಲ್ಲದೆ ಅವರು ಒಪ್ಪಲು ಕಾರಣವಿಲ್ಲ.

#20 ಎಡದಂಡೆ_ನಾಲೆ

ಇಷ್ಟೆಲ್ಲ ಷರತ್ತು ನಿಲ್ಲುವುದು ಅಳತೆಯ ಮೇಲೆ. ಈಗ ಜಂಟಿ ತಂಡಗಳು ಅಳೆಯುವುದು ಫರಕ್ಕಾದ ಕೆಳಗೆ, ಫೀಡರ್ ನಾಲೆಯಲ್ಲಿ, ಮತ್ತು ಬಾಂಗ್ಲಾದ ಹಾರ್ಡಿಂಜ್ ಸೇತುವೆಯ ಬಳಿ. ಫರಕ್ಕಾದಲ್ಲಿ ಬಿಟ್ಟ ಅಂಕಿಗೂ ಸೇತುವೆಯಲ್ಲಿ ಸಿಕ್ಕ ಅಂಕಿಗೂ ವ್ಯತ್ಯಾಸ ಬಂದಾಗಲೆಲ್ಲ ಅನುಮಾನ ಏಳುತ್ತದೆ. ನಡುವೆ ದಂಡೆಯ ಮರಳಿನಿಂದ ನೀರು ಒಳಗೂ ಹೊರಗೂ ಹೋಗುತ್ತದೆ, ಉಪನದಿ ಸೇರುತ್ತದೆ, ನೀರು ತಲುಪಲು ಸಮಯವೂ ಹಿಡಿಯುತ್ತದೆ. ಒಂದೇ ದಿನದ ಅಂಕಿ ಹೋಲಿಸಿದರೆ ತಾಳೆಯಾಗುವುದೇ ಇಲ್ಲ. ಮರಳಿನ ನದಿಯ ತಳ ಪ್ರತಿ ಮಳೆಗಾಲಕ್ಕೆ ಬದಲಾಗುವುದರಿಂದ ಮಟ್ಟ ನೋಡಿ ಹರಿವು ಹೇಳುವ ಪಟ್ಟಿಯನ್ನು ಪ್ರತಿ ಡಿಸೆಂಬರ್‌ನಲ್ಲಿ ಹೊಸದಾಗಿ ಮಾಡಬೇಕು, ಎರಡೂ ಕಡೆಯ ಎಂಜಿನಿಯರ್‌ಗಳು ಒಂದೇ ದೋಣಿಯಲ್ಲಿ ಕೂತು. ಹೊಸ ಒಪ್ಪಂದದಲ್ಲಿ ಈ ಮೂರು ಜಾಗದ ದಿನದ ಅಂಕಿಗಳನ್ನು ಅದೇ ದಿನ ಸಾರ್ವಜನಿಕವಾಗಿ ಹಾಕುವ ಷರತ್ತು ಸೇರಿಸಬೇಕು, ಈಗಿರುವ ಪಟ್ಟಿಗೆ ಆಧಾರವಾದ 1949–88ರ ಸರಾಸರಿಯನ್ನು ಬಿಟ್ಟು 1996ರಿಂದೀಚಿನ ಅಳತೆಗಳ ಮೇಲೆ ಪಟ್ಟಿ ಕಟ್ಟಬೇಕು.